ಗುಂಡು ಕೆಳಗೆ, ಎರೆ ಮೇಲೆ

ಕೆರೆಯ ದಡದಲ್ಲಿ ಗಾಳ ಹಾಕಿ ಕುಳಿತವರನ್ನು ಕಾಣದವರು ನಮ್ಮಲ್ಲಿ ವಿರಳ. ರಜೆಯಲ್ಲಿ ಊರಿಗೆ ಹೋದಾಗ ಕೆರೆಯ ಏರಿಯ ಮೇಲೆ, ಈ ಮುಂಬಯಿಯಲ್ಲಿಯೇ ಆದರೆ ಪೊವಾಯಿ ಕೆರೆಯ ಬದಿಯಲ್ಲಿ, ಒಂದು ಕೋಲು, ಒಂದು ದಾರ, ದಾರದ ಮೇಲೊಂದು ತೇಲುವ ಬೆಂಡು, ಇಷ್ಟನ್ನೇ ನೆಚ್ಚಿಕೊಂಡು ಗಂಟೆಗಟ್ಟಲೆ ಮಾತಿಲ್ಲದೆ ಕುಳಿತಿರುವ ಜನರನ್ನು ನಾವು ನೋಡಿದ್ದೇವೆ. ನೀರಿನ ಮೇಲಿನ ಬೆಂಡು ಎಲ್ಲರ ಕಣ್ಣಿಗೂ ಬೀಳುತ್ತದೆ. ನೀರಿನೊಳಗೆ ಏನಿದೆಯೆಂದು ವಿಚಾರಿಸುವವರು ಕಡಿಮೆ. ಬೆಂಡಿನಿಂದ ಇಳಿದ ದಾರಕ್ಕೆ ಮೊದಲು ಒಂದು ಚಿಕ್ಕ ಸೀಸದ ಗುಂಡು ಕಚ್ಚಿಕೊಂಡಿರುತ್ತದೆ. ಅದರ ಕೆಳಗೆ ಗೇಣುದ್ದದ ದಾರ. ದಾರದ ತುದಿಯಲ್ಲಿ ಎರೆಹುಳುವನ್ನು ಚುಚ್ಚಿದ ಕೊಕ್ಕೆ. ಗುಂಡು ಮೇಲೆ, ಕೊಕ್ಕೆ ಕೆಳಗೆ.

ಈ ಕ್ರಮವನ್ನು ತಲೆಕೆಳಗು ಮಾಡಿ, ಗುಂಡನ್ನು ದಾರದ ತುದಿಗೂ ಕೊಕ್ಕೆಯನ್ನು ಅದಕ್ಕಿಂತ ಒಂದೆರಡು ಗೇಣು ಮೇಲಕ್ಕೂ ಕಟ್ಟಿದರೆ ಏನಾದೀತು? ಸಮುದ್ರದಲ್ಲಿ ದೋಣಿಯಿಂದ ಗಾಳ ಇಳಿಬಿಡುವ ಬೆಸ್ತರಿಗೆ ಇದು ಹೊಸದಲ್ಲ. ಅನೇಕ ದೇಶಗಳಲ್ಲಿ ಅವರು ಹಾಗೆಯೇ ಕಟ್ಟುತ್ತ ಬಂದಿದ್ದಾರೆ. ಆದರೆ ಸಿಹಿನೀರಿನ ಸರೋವರಗಳಲ್ಲಿ, ಬ್ಯಾಸ್ ಎಂಬ ಮೀನನ್ನು ಹಿಡಿಯುವುದಕ್ಕಾಗಿ ಇದನ್ನು ಒಂದು ಸೂಕ್ಷ್ಮ ಕಲೆಯಾಗಿ ಬೆಳೆಸಿದವರು ಜಪಾನಿನ ಗಾಳಗಾರರು. ಅವರು ಇದನ್ನು ‘ಡೌನ್ ಶಾಟ್’ ಎಂದು ಕರೆಯುತ್ತಾರೆ. ೧೯೯೦ರ ದಶಕದ ಕೊನೆಗೆ ಇದು ಅಮೆರಿಕದ ಪಶ್ಚಿಮ ಭಾಗವನ್ನು ಮುಟ್ಟಿ, ಅಲ್ಲಿಂದ ದೇಶದಲ್ಲೆಲ್ಲ ಹರಡಿ, ‘ಡ್ರಾಪ್ ಶಾಟ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ‘ಶಾಟ್’ ಎಂದರೆ ಸೀಸದ ಗುಂಡು; ಅದು ಕೆಳಕ್ಕೆ ಇಳಿದಿರುವುದರಿಂದ ಈ ಹೆಸರು.

ಮೊದಲು ಮೀನಿನ ಪರಿಚಯವನ್ನು ಮಾಡಿಕೊಳ್ಳೋಣ. ಅಗಲಬಾಯಿಯ ಬ್ಯಾಸ್ ಉತ್ತರ ಅಮೆರಿಕ ಖಂಡದ ಪೂರ್ವಾರ್ಧದ ಮೀನು. ಮೈ ಹಸಿರುಛಾಯೆಯದು, ಪಕ್ಕೆಯ ಉದ್ದಕ್ಕೂ ಒಂದು ಕಪ್ಪು ಪಟ್ಟೆ. ಬಾಯಿ ಎಷ್ಟು ದೊಡ್ಡದೆಂದರೆ ಮೇಲ್ದವಡೆಯ ತುದಿ ಕಣ್ಣನ್ನೂ ದಾಟಿ ಹಿಂದಕ್ಕೆ ಚಾಚಿರುತ್ತದೆ. ಇದು ಬೆನ್ನಟ್ಟಿ ಬೇಟೆಯಾಡುವುದಕ್ಕಿಂತ ಹೊಂಚುಹಾಕಿ ಬೇಟೆಯಾಡುವುದೇ ಹೆಚ್ಚು. ಮುಳುಗಿದ ಮರ, ಜೊಂಡು, ಬಂಡೆಯ ನೆರಳು, ಇಂಥ ಕಡೆ ಅಲುಗದೆ ನಿಂತಿದ್ದು, ಚಿಕ್ಕ ಮೀನೋ ಕಪ್ಪೆಯೋ ಸೀಗಡಿಯ ಜಾತಿಯ ಪ್ರಾಣಿಯೋ ಎದುರಿಗೆ ಸುಳಿದೊಡನೆ ಬಾಯಿ ತೆರೆಯುತ್ತದೆ. ಬಾಯಿ ತೆರೆಯುತ್ತದೆ ಎಂದರೆ ಸಾಲದು. ದವಡೆಗಳೂ ಕಿವಿರಿನ ಮುಚ್ಚಳಗಳೂ ಒಮ್ಮೆಗೇ ಅಗಲವಾಗಿ, ಒಳಗೆ ಉಂಟಾದ ಬರಿದಿನೊಳಕ್ಕೆ ನೀರು ಧುಮುಕುತ್ತದೆ. ನೀರಿನೊಡನೆ ಬೇಟೆಯೂ ಒಳಗೆ ಹೋಗುತ್ತದೆ. ಕಚ್ಚುವುದಲ್ಲ, ಹೀರುವುದು. ಈ ಒಂದು ಸಂಗತಿಯನ್ನು ವಾಚಕರು ಮರೆಯಬಾರದು. ಮುಂದೆ ಹೇಳುವ ಗಾಳದ ಮರ್ಮವೆಲ್ಲ ಇದರಲ್ಲಿಯೇ ಅಡಗಿದೆ.

ವಸಂತದಲ್ಲಿ ಬ್ಯಾಸ್ ದಡದ ಬಳಿಗೆ ಬಂದು ಮೊಟ್ಟೆಯಿಡುತ್ತದೆ. ಗಂಡುಮೀನು ಬಾಲದಿಂದ ಮಣ್ಣು ಗುಡಿಸಿ ತಟ್ಟೆಯಂಥ ಗೂಡನ್ನು ಮಾಡಿ, ಮೊಟ್ಟೆಗಳನ್ನೂ ಆಮೇಲೆ ಮರಿಗಳನ್ನೂ ಕಾಯುತ್ತ ನಿಲ್ಲುತ್ತದೆ. ಬೇಸಗೆ ಬಲಿತಂತೆ ಮೇಲಿನ ನೀರು ಕಾದು ಹಗುರವಾಗುತ್ತದೆ. ತಣ್ಣನೆಯ ಭಾರವಾದ ನೀರು ಕೆಳಗೇ ಉಳಿಯುತ್ತದೆ. ಎರಡೂ ಬೆರೆಯದೆ ಪದರ ಪದರವಾಗಿ ನಿಲ್ಲುವುದರಿಂದ ಅನೇಕ ಸರೋವರಗಳಲ್ಲಿ ತಳದ ನೀರಿಗೆ ಪ್ರಾಣವಾಯುವಿನ ಕೊರತೆಯುಂಟಾಗುತ್ತದೆ. ಆಗ ದೊಡ್ಡ ಮೀನುಗಳು ದಡವನ್ನು ಬಿಟ್ಟು, ತಳಕ್ಕೂ ಇಳಿಯದೆ, ಎರಡು ಪದರಗಳು ಸೇರುವ ಎತ್ತರದಲ್ಲಿ ತೂಗಾಡಿಕೊಂಡಿರುವುದುಂಟು. ಮೇಲೆ ತೇಲುವ ಎರೆ ಅವುಗಳಿಗೆ ದೂರ. ತಳ ಸೇರಿ ಕೆಸರಿನಲ್ಲಿ ಹೂತುಹೋಗುವ ಎರೆ ಅವುಗಳಿಗೆ ಕಾಣದು. ಎರೆ ತಳದಿಂದ ಇಂತಿಷ್ಟು ಎತ್ತರದಲ್ಲಿ, ಮೀನಿನ ಮೂಗಿನ ಮುಂದೆಯೇ, ನಿಂತಿರಬೇಕು. ನಿಲ್ಲಿಸುವುದು ಹೇಗೆ?

ಗೋಡೆ ಕಟ್ಟುವ ಮೇಸ್ತ್ರಿಯ ತೂಗುಗುಂಡನ್ನು ನೆನೆದುಕೊಂಡರೆ ಉತ್ತರ ಹೊಳೆಯುತ್ತದೆ. ಗುಂಡು ಕೆಳಗಿರುವುದರಿಂದ ದಾರ ನೆಟ್ಟಗೆ ನಿಲ್ಲುತ್ತದೆ; ನೆಟ್ಟಗೆ ನಿಂತ ದಾರದಲ್ಲಿ ಯಾವ ಎತ್ತರದಲ್ಲಿ ಗಂಟು ಹಾಕಿದರೆ ಅದೇ ಎತ್ತರದಲ್ಲಿ ಕೊಕ್ಕೆ ನಿಲ್ಲುತ್ತದೆ. ಸಾಮಾನ್ಯವಾಗಿ ಗುಂಡಿಗೂ ಕೊಕ್ಕೆಗೂ ನಡುವೆ ೧೫ರಿಂದ ೬೦ ಸೆಂಟಿಮೀಟರಿನ ಅಂತರವನ್ನಿಡುತ್ತಾರೆ. ಮೀನು ತಳದ ಮೇಲೆಯೇ ಮೇಯುತ್ತಿದ್ದರೆ ಅಂತರ ಕಡಿಮೆ, ಎತ್ತರದಲ್ಲಿದ್ದರೆ ಹೆಚ್ಚು. ದೋಣಿಯಲ್ಲಿ ಹೋಗುವವರು ನೀರಿನೊಳಕ್ಕೆ ಧ್ವನಿಯ ಅಲೆಗಳನ್ನು ಕಳಿಸಿ ಮರುಧ್ವನಿಯಿಂದ ಆಳವನ್ನೂ ಮೀನುಗಳ ಇರವನ್ನೂ ತೋರಿಸುವ ಯಂತ್ರವನ್ನು ಇಟ್ಟುಕೊಂಡು, ಮೀನಿನ ನೆತ್ತಿಯ ಮೇಲೆಯೇ ದಾರವನ್ನು ಇಳಿಬಿಡುತ್ತಾರೆ. ಯಂತ್ರವಿಲ್ಲದವರು ದಡದಿಂದಲೇ ಎಸೆಯುತ್ತಾರೆ. ಹಾಗೆ ಎಸೆದಾಗ ದಾರ ಓರೆಯಾಗುವುದರಿಂದ ಎರೆಯು ಗಂಟಿನ ಎತ್ತರಕ್ಕಿಂತ ಕೆಳಗಿರುತ್ತದೆ. ಅಷ್ಟನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಂಟಿನ ವಿಚಾರ ಕುತೂಹಲಕರವಾದುದು. ದಾರವನ್ನು ಮಡಿಸಿ, ಆ ಮಡಿಕೆಯನ್ನು ಕೊಕ್ಕೆಯ ಕಣ್ಣಿನೊಳಗೆ ತೂರಿಸಿ, ಜೋಡಿ ದಾರದಿಂದಲೇ ಒಂದು ಸಡಿಲವಾದ ಸಾದಾ ಗಂಟನ್ನು ಹಾಕಬೇಕು. ಬಳಿಕ ಕೊಕ್ಕೆಯನ್ನೇ ಮಡಿಕೆಯ ಕುಣಿಕೆಯೊಳಗಿಂದ ದಾಟಿಸಿ, ಒದ್ದೆ ಮಾಡಿ ಬಿಗಿಯಬೇಕು. ಇದಕ್ಕೆ ಪ್ಯಾಲೋಮರ್ ಗಂಟು ಎಂದು ಹೆಸರು. ಬೇರೆಯ ಕೆಲಸಗಳಲ್ಲಿ ಗಂಟು ಹಾಕಿದ ಮೇಲೆ ಉಳಿದ ತುದಿಯನ್ನು ಕತ್ತರಿಸಿಬಿಡುತ್ತಾರೆ. ಇಲ್ಲಿ ಹಾಗಲ್ಲ. ಉಳಿಕೆಯ ತುದಿಯನ್ನು ಉದ್ದವಾಗಿಯೇ ಬಿಟ್ಟು, ಅದನ್ನು ಕೊಕ್ಕೆಯ ಮೊನೆಯಿರುವ ಕಡೆಯಿಂದ ಇನ್ನೊಮ್ಮೆ ಕಣ್ಣಿನೊಳಗೆ ಹಾಯಿಸಿ ಕೆಳಕ್ಕೆ ಎಳೆಯುತ್ತಾರೆ. ಹೀಗೆ ಮಾಡಿದರೆ ಕೊಕ್ಕೆ ಜೋಲುಬೀಳದೆ, ಮೊನೆಯನ್ನು ಮೇಲಕ್ಕೆ ಮಾಡಿಕೊಂಡು, ದಾರಕ್ಕೆ ಅಡ್ಡಲಾಗಿ ಚಾಚಿ ನಿಲ್ಲುತ್ತದೆ. ಗೋಡೆಗೆ ಹೊಡೆದ ಗೂಟದ ಹಾಗೆ. ಆ ಗೂಟಕ್ಕೆ ಬೆರಳುದ್ದದ ಮೆತ್ತನೆಯ ಕೃತಕ ಹುಳುವನ್ನು ಮೂಗಿನ ಬಳಿ ಮಾತ್ರ ಚುಚ್ಚಿದರೆ ಅದರ ಮೈಯೆಲ್ಲ ನೀರಿನಲ್ಲಿ ಸ್ವತಂತ್ರವಾಗಿ ಆಡುತ್ತದೆ.

ತುದಿಯ ಗುಂಡು ಸಾಮಾನ್ಯವಾಗಿ ಮೂರರಿಂದ ಹತ್ತು ಗ್ರಾಮಿನಷ್ಟು ತೂಗುತ್ತದೆ. ಆಳ ಹೆಚ್ಚಿದಂತೆ, ಗಾಳಿ ಹೆಚ್ಚಿದಂತೆ ಭಾರವೂ ಹೆಚ್ಚಬೇಕು. ಬಯಲು ತಳಕ್ಕೆ ಉರುಟು ಗುಂಡು. ಕಲ್ಲುಗಳ ಸಂದಿನಲ್ಲಿ ಸಿಕ್ಕಿಬೀಳದಿರಲೆಂದು ಕಡ್ಡಿಯಂತೆ ಉದ್ದನೆಯದು. ಅನೇಕ ಗುಂಡುಗಳಿಗೆ ಗಂಟು ಹಾಕುವುದೇ ಇಲ್ಲ. ಗುಂಡಿನ ತಲೆಯಲ್ಲಿರುವ ತಂತಿಯ ಕಿರಿದಾದ ಸಂದಿನಲ್ಲಿ ದಾರವನ್ನು ಸಿಕ್ಕಿಸುತ್ತಾರೆ. ಗುಂಡು ಬಂಡೆಯಲ್ಲಿ ಸಿಕ್ಕಿಕೊಂಡಾಗ ಜಗ್ಗಿದರೆ ಅದೊಂದೇ ಕಳಚಿಹೋಗಿ ಮಿಕ್ಕದ್ದೆಲ್ಲ ಕೈಗೆ ಬರುತ್ತದೆ. ಉಪಾಯವೇನೋ ಚೆನ್ನಾಗಿದೆ, ಆದರೆ ಕಳಚಿದ ಗುಂಡು ಸರೋವರದಲ್ಲಿಯೇ ಉಳಿಯಿತಲ್ಲ! ಸೀಸ ವಿಷವಸ್ತು. ಉತ್ತರ ಅಮೆರಿಕದ ಸರೋವರಗಳಲ್ಲಿ ಲೂನ್ ಎಂಬ ಮುಳುಗುಹಕ್ಕಿಗಳು ಇಂಥ ಚಿಕ್ಕ ಗುಂಡುಗಳನ್ನು ನುಂಗಿ ಸತ್ತುದು ಕಂಡುಬಂದುದರಿಂದ ನ್ಯೂ ಹ್ಯಾಂಪ್‌ಶೈರ್ ಮೊದಲಾದ ಕೆಲವು ಸಂಸ್ಥಾನಗಳು ಸೀಸದ ಚಿಕ್ಕ ಗುಂಡುಗಳನ್ನು ನಿಷೇಧಿಸಿವೆ. ಅದರ ಬದಲಿಗೆ ಟಂಗ್‌ಸ್ಟನ್ ಲೋಹದ ಗುಂಡುಗಳನ್ನು ಬಳಸಬಹುದು. ನೀರಿಗಿಂತ ಸೀಸ ೧೧.೩ರಷ್ಟು ಸಾಂದ್ರವಾದರೆ ಟಂಗ್‌ಸ್ಟನ್ ೧೯.೩ರಷ್ಟು, ಅದೇ ತೂಕಕ್ಕೆ ಗಾತ್ರ ಚಿಕ್ಕದು, ಬೆಲೆ ಮಾತ್ರ ದೊಡ್ಡದು.

ದಾರ ತೀರ ತೆಳ್ಳಗಿನದು. ಸುಮಾರು ಮೂರು ಕಿಲೋಗ್ರಾಮಿನ ಎಳೆತಕ್ಕೆ ತಡೆಯುವ ದಾರವೇ ಇದಕ್ಕೆ ಸಾಕೆನ್ನುತ್ತಾರೆ. ಹಲವರು ಫ್ಲೂರೋಕಾರ್ಬನ್ ಎಂಬ ವಸ್ತುವಿನ ದಾರವನ್ನು ಮೆಚ್ಚುತ್ತಾರೆ. ನೀರಿನ ವಕ್ರೀಭವನಾಂಕ ೧.೩೩, ಈ ದಾರದ್ದು ಸುಮಾರು ೧.೪೨, ನೈಲಾನಿನದು ಇನ್ನೂ ಹೆಚ್ಚು. ಬೆಳಕಿನ ಪಾಠವನ್ನು ಓದಿರುವ ಮೇಲಿನ ತರಗತಿಯವರಿಗೆ ಇದರ ಅರ್ಥ ಸುಲಭವಾಗಿ ತಿಳಿಯುತ್ತದೆ. ಎರಡು ಅಂಕಗಳು ಹತ್ತಿರವಾದಷ್ಟೂ ವಸ್ತು ನೀರಿನಲ್ಲಿ ಕಣ್ಣಿಗೆ ಬೀಳುವುದು ಕಡಿಮೆ. ಹಾಗಾದರೆ ಮೂರು ಕಿಲೋಗ್ರಾಮಿನ ದಾರದಿಂದ ದೊಡ್ಡ ಮೀನನ್ನು ಎಳೆಯುವುದೆಂತು? ದಾರ ಸುತ್ತುವ ರೀಲಿನಲ್ಲಿ ಒಂದು ಬಿರಿಯಿರುತ್ತದೆ. ದಾರ ತುಂಡಾಗುವಷ್ಟು ಎಳೆತ ಬೀಳುವ ಮೊದಲೇ ಅದು ಜಾರಿ ದಾರವನ್ನು ಬಿಟ್ಟುಕೊಡುತ್ತದೆ. ಮೀನು ಎಳೆದಾಗ ಬಿಡುವುದು, ದಣಿದಾಗ ಸುತ್ತಿಕೊಳ್ಳುವುದು.

ಇನ್ನು ಕೈಚಳಕ. ಹೊಸಬನು ಗುಂಡು ತಳ ಮುಟ್ಟಿದೊಡನೆ ಕೋಲನ್ನು ಜೋರಾಗಿ ಕುಣಿಸುತ್ತಾನೆ; ಗುಂಡು ಎದ್ದು ಬಿದ್ದು ಕೆಸರನ್ನು ಕದಡುತ್ತದೆ; ಮೀನು ಸರಿದುಹೋಗುತ್ತದೆ. ಬಲ್ಲವನು ದಾರವನ್ನು ಕೂದಲೆಳೆಯಷ್ಟು ಸಡಿಲಬಿಟ್ಟು, ಆ ಸಡಿಲನ್ನು ಮಾತ್ರ ನಡುಗಿಸುತ್ತಾನೆ. ಗುಂಡು ಕದಲುವುದಿಲ್ಲ, ಹುಳು ನಿಂತಲ್ಲಿಯೇ ನಡುಗುತ್ತದೆ. ನಡುನಡುವೆ ಅದನ್ನೂ ನಿಲ್ಲಿಸಿ ಸುಮ್ಮನಿರುತ್ತಾನೆ. ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಕೊಕ್ಕೆಯ ಗೊಡವೆಯೇ ಬೇಡ. ಒಂದು ಬಕೆಟ್ ನೀರು, ಒಂದು ಮೊಳ ಹೊಲಿಗೆಯ ದಾರ, ತುದಿಗೆ ಕಟ್ಟಲು ಒಂದು ಕಬ್ಬಿಣದ ನಟ್ಟು, ಅದಕ್ಕಿಂತ ನಾಲ್ಕು ಬೆರಳು ಮೇಲೆ ಕಟ್ಟಲು ರಬ್ಬರ್ ಬ್ಯಾಂಡಿನ ಒಂದು ತುಂಡು, ಇಷ್ಟಿದ್ದರೆ ಸಾಕು. ನಟ್ಟು ತಳ ಮುಟ್ಟಿದ ಮೇಲೆ ದಾರವನ್ನು ತುಸು ಸಡಿಲಿಸಿ ಬೆರಳ ತುದಿಯಿಂದ ನಡುಗಿಸಿ ನೋಡಿರಿ. ನಟ್ಟು ಏಳದೆ ರಬ್ಬರಿನ ತುಂಡು ಮಾತ್ರ ಜೀವ ಬಂದಂತೆ ಆಡುವುದು ಎರಡನೆಯ ಇಲ್ಲವೆ ಮೂರನೆಯ ಪ್ರಯತ್ನದಲ್ಲಿ ಕೈಗೆ ಹತ್ತುತ್ತದೆ.

ಹಿಂದೆ ಹೇಳಿದ ಹೀರುವಿಕೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಭಾರವೆಲ್ಲ ಕೆಳಗಿನ ಗುಂಡಿನಲ್ಲಿದೆ, ಹುಳುವಿಗೆ ತನ್ನದೆಂಬ ಭಾರವಿಲ್ಲ, ದಾರವೂ ಸಡಿಲ. ಹೀಗಾಗಿ ನೀರಿನೊಡನೆ ಅದು ಅಡ್ಡಿಯಿಲ್ಲದೆ ಬಾಯೊಳಕ್ಕೆ ಹೋಗುತ್ತದೆ. ಗುಂಡು ಕೊಕ್ಕೆಗೇ ಅಂಟಿಕೊಂಡಿದ್ದರೆ ಮೀನು ಆ ಭಾರವನ್ನೂ ಹೀರಬೇಕಾಗುತ್ತಿತ್ತು. ಗಾಳಗಾರನ ಕೈಗೆ ಆಗ ತಿಳಿಯುವುದು ಒಂದು ಸಣ್ಣ ತಟ್ಟು, ಇಲ್ಲವೆ ಸುಮ್ಮನೆ ಒಂದು ಜಡ ಭಾರ. ಅವನು ಎಗರಿ ಜಗ್ಗಬಾರದು. ಕೋಲನ್ನು ಮೆಲ್ಲಗೆ ಎತ್ತಿ ದಾರವನ್ನು ಸುತ್ತಿಕೊಂಡರೆ ತೆಳ್ಳನೆಯ ಕೊಕ್ಕೆ ತಾನಾಗಿ ನಾಟುತ್ತದೆ.

ಅಮೆರಿಕದ ಮೀನನ್ನು ಹಿಡಿಯುವ ಕಲೆ ಜಪಾನಿನಲ್ಲಿ ಬೆಳೆದುದು ಹೇಗೆಂಬ ಪ್ರಶ್ನೆ ಇಷ್ಟರಲ್ಲಿ ವಾಚಕರಿಗೆ ಬಂದಿರಬೇಕು. ಬ್ಯಾಸ್ ಅಲ್ಲಿಗೆ ತಾನಾಗಿ ಈಜಿ ಬಂದುದಲ್ಲ. ೧೯೨೫ರಲ್ಲಿ ಅಕಾಬೋಶಿ ತೆತ್ಸುಮಾ ಎಂಬ ಉದ್ಯಮಿ ಅದನ್ನು ಕ್ಯಾಲಿಫೋರ್ನಿಯದಿಂದ ತರಿಸಿ, ಸರ್ಕಾರದ ಒಪ್ಪಿಗೆ ಪಡೆದು, ಹಕೋನೆ ಬೆಟ್ಟಗಳ ನಡುವಣ ಆಶಿ ಸರೋವರದಲ್ಲಿ ಬಿಟ್ಟನು. ಕ್ರಮೇಣ ಮನುಷ್ಯರ ಕೈಯಿಂದಲೇ ಅದು ಕೆರೆಯಿಂದ ಕೆರೆಗೆ ಹೋಯಿತು. ೧೯೭೦ರ ದಶಕದಲ್ಲಿ ಅದು ಜಪಾನಿನ ಅತಿ ದೊಡ್ಡ ಸರೋವರವಾದ ಬಿವಾದಲ್ಲಿ ಕಾಣಿಸಿಕೊಂಡು, ೧೯೮೦ರ ದಶಕದಲ್ಲಿ ಅಲ್ಲಿ ವಿಪರೀತವಾಗಿ ಬೆಳೆಯಿತು. ಗಾಳದ ಕ್ರೀಡೆಯೂ ಅದರೊಡನೆಯೇ ಬೆಳೆಯಿತು. ದಿನವೂ ನೂರಾರು ಎರೆಗಳನ್ನು ಕಂಡ ಮೀನುಗಳು ದೊಡ್ಡ ಎರೆಗೆ, ಓಡುವ ಎರೆಗೆ ಮೋಸಹೋಗುವುದನ್ನು ಬಿಟ್ಟವು. ಅಂಥ ಮೀನುಗಳನ್ನು ಒಲಿಸುವುದಕ್ಕೆ ಈ ಚಿಕ್ಕ ಹುಳು, ಈ ತೆಳ್ಳನೆಯ ದಾರ, ಈ ನಿಶ್ಚಲತೆ ತಕ್ಕ ಸಾಧನಗಳಾದವು.

ಬಿವಾದ ಬ್ಯಾಸ್ ಎಷ್ಟು ದೊಡ್ಡದಾಗಬಲ್ಲುದೆಂಬುದಕ್ಕೆ ಒಂದು ನಿದರ್ಶನವುಂಟು. ೧೯೩೨ರ ಜೂನ್ ೨ರಂದು ಅಮೆರಿಕದ ಜಾರ್ಜಿಯಾ ಸಂಸ್ಥಾನದ ಮಾಂಟ್‌ಗೊಮರಿ ಸರೋವರದಲ್ಲಿ ಜಾರ್ಜ್ ಪೆರಿ ಎಂಬ ಬಡ ರೈತ ಯುವಕನು ೨೨ ಪೌಂಡು ೪ ಔನ್ಸಿನ ಬ್ಯಾಸನ್ನು ಹಿಡಿದನು. ಆರ್ಥಿಕ ಮುಗ್ಗಟ್ಟಿನ ಕಾಲ. ಅವನಿಗೂ ಅವನ ಗೆಳೆಯನಿಗೂ ಸೇರಿ ಇದ್ದುದು ಒಂದೇ ಕೋಲು. ಮೀನನ್ನು ತೂಗಿಸಿ ದಾಖಲೆ ಮಾಡಿಸಿದ ಮೇಲೆ ಮನೆಯವರು ಅದನ್ನು ಬೇಯಿಸಿ ಉಂಡರು. ಅದು ನಮಗೆ ಬಹಳ ಹಿಡಿಸಿದ ಸಂಗತಿ. ಆ ದಾಖಲೆಯನ್ನು ೭೭ ವರ್ಷಗಳ ಕಾಲ ಯಾರೂ ಮುಟ್ಟಲಿಲ್ಲ. ೨೦೦೯ರ ಜುಲೈ ೨ರಂದು ಕುರಿತಾ ಮನಾಬು ಎಂಬವನು ಬಿವಾದಲ್ಲಿ ೨೨ ಪೌಂಡು ೪.೯೭ ಔನ್ಸಿನ, ಎಂದರೆ ೧೦ ಕಿಲೋಗ್ರಾಮಿಗೂ ತುಸು ಮಿಕ್ಕ ಬ್ಯಾಸನ್ನು ಹಿಡಿದನು. ಮುಕ್ಕಾಲುಪಾಲಿಗಿಂತ ಹೆಚ್ಚು ಔನ್ಸು ಅಧಿಕವಾಗಿದ್ದರೂ, ಹಳೆಯ ದಾಖಲೆಯನ್ನು ಮುರಿಯಬೇಕಾದರೆ ಎರಡು ಔನ್ಸಾದರೂ ಹೆಚ್ಚಿರಬೇಕೆಂಬ ಅಂತರರಾಷ್ಟ್ರೀಯ ನಿಯಮವಿರುವುದರಿಂದ ಇಬ್ಬರನ್ನೂ ಸಮಾನರೆಂದು ಸಾರಲಾಯಿತು. ಕುರಿತಾ ಬಳಸಿದ್ದು ಕೃತಕ ಹುಳುವನ್ನಲ್ಲ, ಬ್ಲೂಗಿಲ್ ಎಂಬ ಜೀವಂತ ಮೀನನ್ನು.

ಈ ಬ್ಲೂಗಿಲ್ ಸಹ ಅಮೆರಿಕದ್ದೇ. ಬ್ಯಾಸಿನ ಕುಟುಂಬಕ್ಕೇ ಸೇರಿದುದು. ೧೯೬೦ರಲ್ಲಿ ಜಪಾನಿನ ಯುವರಾಜ ಅಕಿಹಿತೊ ಅಮೆರಿಕಕ್ಕೆ ಹೋದಾಗ ಶಿಕಾಗೋ ನಗರದ ಮೇಯರ್ ಇದನ್ನು ಕಾಣಿಕೆಯಾಗಿ ಕೊಟ್ಟರು. ಜನರಿಗೆ ಆಹಾರವಾದೀತೆಂಬ ಸದುದ್ದೇಶದಿಂದ ಯುವರಾಜನು ಅದನ್ನು ಮೀನುಗಾರಿಕೆಯ ಸಂಶೋಧನಾಲಯಕ್ಕೆ ಒಪ್ಪಿಸಿದನು. ಅದೂ ಹೊರಗೆ ಹರಡಿತು. ಅಕಿಹಿತೊ ಸ್ವತಃ ಮೀನುಗಳ ಶಾಸ್ತ್ರವನ್ನು ಬಲ್ಲ ವಿದ್ವಾಂಸ. ಆತನು ೨೦೦೭ರಲ್ಲಿ, ಆಗ ಚಕ್ರವರ್ತಿಯಾಗಿದ್ದವನು, ಬಿವಾ ತೀರದ ಓತ್ಸು ನಗರದ ಸಭೆಯೊಂದರಲ್ಲಿ ಇದಕ್ಕಾಗಿ ತನ್ನ ಮನಸ್ಸು ನೋಯುತ್ತಿದೆಯೆಂದು ಬಹಿರಂಗವಾಗಿ ಹೇಳಿದನು.

ನೋಯುವುದಕ್ಕೆ ಕಾರಣವಿತ್ತು. ಬಿವಾ ಸಾಮಾನ್ಯ ಕೆರೆಯಲ್ಲ. ಸುಮಾರು ೬೭೦ ಚದರ ಕಿಲೋಮೀಟರಿನ ವಿಸ್ತಾರ. ಅತಿ ಹೆಚ್ಚಿನ ಆಳ ೧೦೪ ಮೀಟರು. ಲಕ್ಷಾಂತರ ವರ್ಷಗಳಿಂದ ಬತ್ತದೆ ಉಳಿದು ಬಂದ, ಜಗತ್ತಿನ ಅತಿ ಪುರಾತನ ಸರೋವರಗಳಲ್ಲೊಂದಾದುದರಿಂದ, ಬೇರೆಲ್ಲೂ ಇಲ್ಲದ ಅರುವತ್ತಕ್ಕೂ ಮಿಕ್ಕ ಬಗೆಯ ಜೀವಿಗಳು ಅಲ್ಲಿವೆ. ಅವುಗಳಲ್ಲಿ ನಿಗೊರೊಬುನಾ ಎಂಬ ಮೀನು ಒಂದು. ಅದನ್ನು ಉಪ್ಪಿನಲ್ಲಿ ಊರಿಸಿ, ಬಳಿಕ ಅನ್ನದ ನಡುವೆ ತಿಂಗಳುಗಟ್ಟಲೆ ಹುದುಗಿಟ್ಟು ‘ಫುನಾಜುಶಿ’ ಎಂಬ ಹುಳಿಯಾದ ಭಕ್ಷ್ಯವನ್ನು ಮಾಡುವುದು ಆ ಪ್ರಾಂತದ ಹಳೆಯ ಸಂಪ್ರದಾಯ. ಈ ಮೀನು ದಡದ ಜೊಂಡಿನಲ್ಲಿ ಮೊಟ್ಟೆಯಿಡುತ್ತದೆ. ಬ್ಲೂಗಿಲ್ ಮೊಟ್ಟೆಗಳನ್ನು ತಿಂದಿತು. ಬ್ಯಾಸ್ ಮರಿಗಳನ್ನು ತಿಂದಿತು. ದಡವನ್ನು ಕಟ್ಟಿ ಜೊಂಡನ್ನು ಕಡಿಮೆ ಮಾಡಿದ ಮನುಷ್ಯನೂ ನಿರಪರಾಧಿಯಲ್ಲ. ತಪ್ಪನ್ನೆಲ್ಲ ಪರದೇಶಿ ಮೀನಿನ ತಲೆಗೆ ಕಟ್ಟುವುದು ನ್ಯಾಯವಾಗದು. ಅಂತೂ ಊರ ಮೀನು ವಿರಳವಾಯಿತು, ಬೆಸ್ತರ ಬಲೆಗಳಿಗೆ ಬೇಡದ ಮೀನೇ ಬರತೊಡಗಿತು.

ಇದಕ್ಕೆ ಸಮನಾದ ಸಂಗತಿ ನಮ್ಮ ಕಾವೇರಿಯಲ್ಲಿಯೂ ನಡೆದಿದೆ. ಗೂನುಬೆನ್ನಿನ ಮಹಶೀರ್ ಎಂಬ ಭಾರಿ ಮೀನು ಕಾವೇರಿ ಮತ್ತು ಅದರ ಉಪನದಿಗಳಿಗೆ ಮಾತ್ರ ಸೇರಿದುದು. ೧೯೪೬ರಲ್ಲಿ ಮೈಸೂರಿನ ವಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಗಾಳದಿಂದ ಹಿಡಿದ ಮಹಶೀರ್ ೧೨೦ ಪೌಂಡು ತೂಗಿತು. ಅದರ ಮುಂದೆ ಪೆರಿಯ ಬ್ಯಾಸ್ ಮರಿಯೆಂದೇ ಹೇಳಬೇಕು. ಮುಂದೆ ಕಾವೇರಿಯಲ್ಲಿ ಮಹಶೀರ್ ಕಡಿಮೆಯಾಯಿತೆಂದು, ನಮ್ಮ ಮುಂಬಯಿ ಪುಣೆಗಳ ನಡುವಣ ಲೋನಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಟ್ಟರು. ಹೆಸರು ಒಂದೇ, ಜಾತಿ ಬೇರೆ. ಹೊಸದು ಹೆಚ್ಚಿತು, ಹಳೆಯದು ಕಣ್ಮರೆಯಾಗುತ್ತ ಬಂದಿತು. ೨೦೧೮ರಲ್ಲಿ ಗೂನುಬೆನ್ನಿನ ಮಹಶೀರನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಇಲ್ಲಿಯೂ ಮರಿ ಬಿಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು.

ಹಾಗಾದರೆ ಗಾಳಕ್ಕೆ ಬಂದ ಬ್ಯಾಸನ್ನು ಏನು ಮಾಡಬೇಕು? ಅಮೆರಿಕದಲ್ಲಿ ಹೆಚ್ಚಿನವರು ಅದನ್ನು ನೋವಾಗದಂತೆ ಬಿಡಿಸಿ ನೀರಿಗೇ ಬಿಡುತ್ತಾರೆ. ಅದು ಅಲ್ಲಿನ ಮೀನು, ಇನ್ನೊಮ್ಮೆ ಬೆಳೆಯಲಿ ಎಂದು. ಆದರೆ ಡ್ರಾಪ್ ಶಾಟಿಗೆ ಸಿಕ್ಕುವ ಮೀನು ಎಷ್ಟೋ ಸಲ ಆಳದಿಂದ ಬಂದುದು. ಹತ್ತು ಮೀಟರಿನ ಆಳದಲ್ಲಿ ಒತ್ತಡವು ಮೇಲಿನದರ ಇಮ್ಮಡಿ. ಅಲ್ಲಿಂದ ಬೇಗ ಮೇಲೆ ತಂದರೆ ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲ ಉಬ್ಬಿ, ಬಿಟ್ಟ ಮೇಲೂ ಅದು ಕೆಳಗೆ ಇಳಿಯಲಾರದೆ ಹೊಟ್ಟೆ ಮೇಲಾಗಿ ತೇಲುವುದುಂಟು. ಆದುದರಿಂದ ಬಿಡುವ ಮನಸ್ಸಿರುವವರು ಬಹಳ ಆಳಕ್ಕೆ ಗಾಳ ಇಳಿಸದಿರುವುದು ಮೇಲೆಂಬುದು ನಮ್ಮ ಅಭಿಪ್ರಾಯ.

ಜಪಾನಿನಲ್ಲಿ ವಿಷಯವೇ ಬೇರೆ. ೨೦೦೫ರ ಜೂನ್‌ನಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಬ್ಯಾಸನ್ನು ಜೀವಂತವಾಗಿ ಸಾಕುವುದಾಗಲಿ, ಸಾಗಿಸುವುದಾಗಲಿ, ಬೇರೆ ನೀರಿಗೆ ಬಿಡುವುದಾಗಲಿ ಅಪರಾಧ. ಹಿಡಿದಲ್ಲಿಯೇ ಬಿಡುವುದನ್ನು ಆ ಕಾನೂನು ತಡೆಯುವುದಿಲ್ಲ. ಆಶಿಯೂ ಸೇರಿ ಫೂಜಿ ಪರ್ವತದ ಸುತ್ತಣ ನಾಲ್ಕು ಸರೋವರಗಳಲ್ಲಿ ಹಣ ಕೊಟ್ಟು ಚೀಟಿ ಪಡೆದು ಬ್ಯಾಸ್ ಹಿಡಿಯಲು ಅನುಮತಿಯೂ ಇದೆ. ಬಿವಾ ಸೇರಿರುವ ಶಿಗಾ ಪ್ರಾಂತ ಮಾತ್ರ ೨೦೦೩ರ ಏಪ್ರಿಲ್‌ನಿಂದಲೇ ಒಂದು ಹೆಜ್ಜೆ ಮುಂದೆ ಹೋಗಿ, ಹಿಡಿದ ಬ್ಯಾಸನ್ನೂ ಬ್ಲೂಗಿಲನ್ನೂ ಸರೋವರಕ್ಕೆ ಮರಳಿ ಬಿಡಕೂಡದೆಂದು ವಿಧಿಸಿತು. ಗಾಳಗಾರರು ಸಿಟ್ಟಾದರು; ಪ್ರೀತಿಯಿಂದ ಹಿಡಿದ ಮೀನನ್ನು ಕೊಲ್ಲುವುದೆಂತು ಎಂದರು; ಕೆಲವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ಬ್ಯಾಸನ್ನು ನಂಬಿ ದೋಣಿಗಳನ್ನು ಬಾಡಿಗೆಗೆ ಕೊಟ್ಟು ಬದುಕುವವರ ಕಷ್ಟವೂ ಸುಳ್ಳಲ್ಲ; ಬಲೆಯಲ್ಲಿ ನಿಗೊರೊಬುನಾ ಕಾಣದ ಬೆಸ್ತನ ಕಷ್ಟವೂ ಸುಳ್ಳಲ್ಲ. ವಿಧಿ ಉಳಿಯಿತು. ಅದನ್ನು ಮೀರಿದವರಿಗೆ ದಂಡವನ್ನೇನೂ ಗೊತ್ತುಮಾಡಲಿಲ್ಲ. ದಡದಲ್ಲಿ ಅಲ್ಲಲ್ಲಿ ಪೆಟ್ಟಿಗೆಗಳನ್ನೂ ತೊಟ್ಟಿಗಳನ್ನೂ ಇರಿಸಿ, ಹಿಡಿದ ಮೀನನ್ನು ಇದರಲ್ಲಿ ಹಾಕಿರಿ ಎಂದು ಕೇಳಿಕೊಳ್ಳಲಾಯಿತು.